ರೇಡಿಯೋ ನಿಯಂತ್ರಿತ ದೋಣಿ: ಮೋಟರ್ ಹುಡುಕುವ ಮುನ್ನ ತಕ್ಕಡಿ ಹಿಡಿಯಿರಿ

ಪ್ರಶ್ನೆ: ಕಳೆದ ವರ್ಷ 3 ಮಿ.ಮೀ. ದಪ್ಪದ ಪ್ಲೈವುಡ್ಡಿನಲ್ಲಿ 60 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ರೇಡಿಯೋ ನಿಯಂತ್ರಿತ ದೋಣಿಯೊಂದನ್ನು ಕಟ್ಟಿದೆ. ಹಳೆಯ ಡ್ರಿಲ್ ಯಂತ್ರದಿಂದ ಬಿಚ್ಚಿದ 550 ಗಾತ್ರದ ಮೋಟರ್, 12 ವೋಲ್ಟ್ 7 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿ ಮತ್ತು 55 ಮಿ.ಮೀ. ವ್ಯಾಸದ ಪ್ರೊಪೆಲರನ್ನು ಬಳಸಿದ್ದೆ. ದೋಣಿ ಎಣಿಸಿದ್ದಕ್ಕಿಂತ ಆಳಕ್ಕೆ ಕುಳಿತಿತು, ಹಿಂಭಾಗ ನೀರಿಗಿಳಿಯಿತು, ಐದೇ ನಿಮಿಷದಲ್ಲಿ ಮೋಟರ್ ಮುಟ್ಟಲಾಗದಷ್ಟು ಬಿಸಿಯಾಯಿತು, ಮೋಟರಿನಿಂದ ಪ್ರೊಪೆಲರಿಗೆ ಹೋಗುವ ದಂಡದ, ಅಂದರೆ ಶಾಫ್ಟಿನ, ಕೊಳವೆಯಿಂದ ನೀರು ಒಳಗೆ ಬಂದಿತು. ಕೊನೆಗೆ ದಡದಿಂದ ಇಪ್ಪತ್ತು ಮೀಟರ್ ದೂರದಲ್ಲಿ ರೇಡಿಯೋ ಕೈಕೊಟ್ಟಿತು. ಈಗ ಮೊದಲಿನಿಂದ ಹೊಸ ದೋಣಿ ಕಟ್ಟಬೇಕೆಂದಿದ್ದೇನೆ. ಇನ್ನೂ ದೊಡ್ಡ ಮೋಟರ್ ಹಾಕಬೇಕೇ? ಯಾವ ಬ್ಯಾಟರಿ ಸೂಕ್ತ? ನೀರು ಒಳಬಾರದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಗಾತ್ರ, ವ್ಯಾಸ, ವೋಲ್ಟೇಜು ಎಲ್ಲವನ್ನೂ ಬರೆದಿದ್ದೀರಿ; ಆದರೆ ದೋಣಿಯ ತೂಕ ಎಷ್ಟಿತ್ತು ಎಂಬ ಒಂದು ಅಂಕಿಯನ್ನು ಮಾತ್ರ ಬಿಟ್ಟಿದ್ದೀರಿ. ನೀವು ತೂಗಿರಲಿಕ್ಕಿಲ್ಲ ಎಂದು ಊಹಿಸುತ್ತೇನೆ, ಏಕೆಂದರೆ ಮೊದಲ ದೋಣಿ ಕಟ್ಟುವವರಲ್ಲಿ ಬಹುತೇಕರು ತೂಗುವುದಿಲ್ಲ, ನಾನೂ ತೂಗಿರಲಿಲ್ಲ. ದೊಡ್ಡ ಮೋಟರ್ ಬೇಕೇ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಬೇಡ ಎಂಬುದೇ. ನಿಮ್ಮಲ್ಲಿರುವ ಮೋಟರ್, ಬ್ಯಾಟರಿ, ಪ್ರೊಪೆಲರ್ ಮೂರೂ ಒಳ್ಳೆಯವೇ, ಮೂರನ್ನೂ ಹೊಸ ದೋಣಿಯಲ್ಲಿ ಬಳಸಬಹುದು. ಅವು ಒಂದಕ್ಕೊಂದು ಹೊಂದಿರಲಿಲ್ಲ, ಮೂರೂ ಸೇರಿ ನಿಮ್ಮ ದೋಣಿಯ ಒಡಲಿಗೆ ಹೊಂದಿರಲಿಲ್ಲ, ಅಷ್ಟೆ.

ಮೊದಲು ತೇಲುವಿಕೆಯ ಲೆಕ್ಕವನ್ನು ನೋಡೋಣ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಎಲ್ಲರೂ ಶಾಲೆಯಲ್ಲಿ ಓದಿರುತ್ತೇವೆ. ದೋಣಿ ಕಟ್ಟುವವನಿಗೆ ಅದರ ಅರ್ಥ ಇಷ್ಟೇ: ಸಿಹಿನೀರಿನಲ್ಲಿ ಒಂದು ಲೀಟರಿಗೆ ಒಂದು ಕಿಲೋಗ್ರಾಂ. ಒಡಲು ಚೌಕಾಕಾರದ ಪೆಟ್ಟಿಗೆಯಾಗಿರದೆ ಮುಂದೆ, ಹಿಂದೆ ಮತ್ತು ಅಡಿಯಲ್ಲಿ ಸಪೂರವಾಗುವುದರಿಂದ, ಉದ್ದ, ಅಗಲ, ಆಳಗಳನ್ನು ಗುಣಿಸಿದಾಗ ಬರುವ ಘನಗಾತ್ರದಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಅದು ನಿಜವಾಗಿ ತುಂಬುತ್ತದೆ. ನಿಮ್ಮ ದೋಣಿ 5 ಸೆಂ.ಮೀ. ಆಳಕ್ಕೆ ಕೂರಬೇಕೆಂದು ನೀವು ಬಯಸಿದ್ದರೆ, 60 × 18 × 5 ಎಂದರೆ 5,400 ಘನ ಸೆಂ.ಮೀ., ಅದರ ಅರ್ಧ 2.7 ಲೀಟರ್, ಅಂದರೆ ಆ ಒಡಲು ಹೊರಬಲ್ಲದ್ದು 2.7 ಕಿಲೋಗ್ರಾಂ. ನಿಮ್ಮ ಬ್ಯಾಟರಿಯೊಂದೇ ಎರಡು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಅದಕ್ಕೆ ಮೋಟರ್, ಪ್ಲೈವುಡ್, ಬಣ್ಣ, ಚುಕ್ಕಾಣಿಯನ್ನು ತಿರುಗಿಸುವ ಸರ್ವೊ ಎಂಬ ಪುಟ್ಟ ಮೋಟರ್, ಶಾಫ್ಟ್ ಎಲ್ಲ ಸೇರಿದರೆ ಮೂರೂವರೆ ಕಿಲೋಗ್ರಾಂ ದಾಟಿರಲೇಬೇಕು. ಹಾಗಾಗಿ ದೋಣಿ ಏಳು ಸೆಂಟಿಮೀಟರಿನಷ್ಟು ಇಳಿದದ್ದರಲ್ಲಿ ಆಶ್ಚರ್ಯವಿಲ್ಲ, ಮತ್ತು ಬ್ಯಾಟರಿಯನ್ನು ಮೋಟರಿನ ಪಕ್ಕದಲ್ಲಿ, ಅಂದರೆ ಹಿಂದೆ ಇಟ್ಟಿದ್ದರೆ ಹಿಂಭಾಗ ಮುಳುಗಿದ್ದೂ ಸಹಜ.

ಈ ಕಾರಣಕ್ಕೆ ನಾನು ಯಾರಿಗೇ ಆದರೂ ಕೊಡುವ ಸಲಹೆ ಏನೆಂದರೆ, ಮೊದಲ ದೋಣಿ ವೇಗದ ದೋಣಿಯಾಗಿರಬಾರದು. ಹಡಗುಗಳನ್ನು ಎಳೆಯುವ ಟಗ್ ದೋಣಿಯಂತಹ ಅಗಲವಾದ, ತುಂಬುಮೈಯ, ನಿಧಾನದ ದೋಣಿಯಾಗಿರಬೇಕು. ವೇಗದ ದೋಣಿ ನೀರಿನ ಮೇಲೇರಿ ಜಾರಬೇಕಾದದ್ದು; ಅಲ್ಲಿ ನೂರು ಗ್ರಾಂ ಹೆಚ್ಚಾದರೂ, ಭಾರದ ಕೇಂದ್ರ ಒಂದು ಸೆಂಟಿಮೀಟರ್ ಹಿಂದೆ ಸರಿದರೂ ಅದರ ನಡತೆಯೇ ಬದಲಾಗುತ್ತದೆ. ಟಗ್ ದೋಣಿಗೆ ಭಾರ ಬೇಕೇ ಬೇಕು. ನಿಮ್ಮ ಹಳೆಯ ದೋಣಿಯನ್ನು ಮುಳುಗಿಸಿದ ಅದೇ ಸೀಸದ ಬ್ಯಾಟರಿ, ಟಗ್ಗಿನ ತಳದಲ್ಲಿ ನಡುವೆ ಕೂತರೆ ಅದನ್ನು ನೇರವಾಗಿ ನಿಲ್ಲಿಸುವ ಅಡಿಭಾರವಾಗುತ್ತದೆ. ಲಿಥಿಯಂ ಬ್ಯಾಟರಿಯೇ ಆಗಬೇಕೆಂದು ಹಟ ಹಿಡಿದು, ಹಗುರವಾದ ಬ್ಯಾಟರಿಯನ್ನು ಟಗ್ಗಿನೊಳಗಿಟ್ಟು, ಆಮೇಲೆ ಎರಡು ಕಿಲೋಗ್ರಾಂ ಸೀಸದ ತುಂಡುಗಳನ್ನು ಪ್ರತ್ಯೇಕವಾಗಿ ಹೊಂದಿಸಿ ತಳಕ್ಕೆ ಅಂಟಿಸಿದವರನ್ನು ನಾನು ಕಂಡಿದ್ದೇನೆ.

ಒಂದು ಉದಾಹರಣೆಯನ್ನೇ ಇಟ್ಟುಕೊಂಡು ಮುಂದುವರಿಯುತ್ತೇನೆ. ಜಲರೇಖೆಯ (ದೋಣಿ ತೇಲುವಾಗ ನೀರಿನ ಮಟ್ಟ ಅದರ ಮೈಗೆ ತಾಗುವ ಗೆರೆಯ) ಮಟ್ಟದಲ್ಲಿ 75 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ, 7 ಸೆಂ.ಮೀ. ಆಳ ಇರುವ ತುಂಬುಮೈಯ ಒಡಲನ್ನು ತೆಗೆದುಕೊಳ್ಳಿ. ಪೆಟ್ಟಿಗೆಯ ಘನಗಾತ್ರದ ಶೇ. 55ರಷ್ಟನ್ನು ಅದು ತುಂಬುತ್ತದೆಂದರೆ ಸುಮಾರು 6.35 ಲೀಟರ್. ಅಂದರೆ ಎಲ್ಲವೂ ಸೇರಿ 6.35 ಕಿಲೋಗ್ರಾಂ ತೂಗಿದಾಗ ಮಾತ್ರ ದೋಣಿ ನೀವು ಬಳಿದ ಜಲರೇಖೆಗೆ ಸರಿಯಾಗಿ ಕೂರುತ್ತದೆ. ಆ ಮಟ್ಟದಲ್ಲಿ ಇನ್ನೊಂದು ಮಿಲಿಮೀಟರ್ ಇಳಿಯಲು ಸುಮಾರು 130 ಗ್ರಾಂ ಬೇಕು. ಹಾಗಾಗಿ ಅರ್ಧ ಕಿಲೋಗ್ರಾಂ ಹೆಚ್ಚುಕಡಿಮೆಯಾದರೂ ನಾಲ್ಕು ಮಿಲಿಮೀಟರಿನ ವ್ಯತ್ಯಾಸವಷ್ಟೆ, ಅದನ್ನು ಕಣ್ಣು ಗುರುತಿಸುವುದೂ ಕಷ್ಟ. ಅಗಲವನ್ನು ನಾನು ಧಾರಾಳವಾಗಿ ಹೇಳಿದ್ದಕ್ಕೂ ಕಾರಣವಿದೆ. ದೋಣಿ ವಾಲಿದಾಗ ಅದನ್ನು ಮತ್ತೆ ನೇರಕ್ಕೆ ತರುವಲ್ಲಿ ಒಡಲಿನ ಆಕಾರದ ಪಾಲು ಜಲರೇಖೆಯ ಅಗಲದ ಘನದಷ್ಟು ವೇಗವಾಗಿ ಹೆಚ್ಚುತ್ತದೆ. ಅಗಲವನ್ನು ಹತ್ತನೇ ಒಂದು ಪಾಲು ಹೆಚ್ಚಿಸಿದರೆ ಆ ಪಾಲು ಮೂರನೇ ಒಂದರಷ್ಟು ಹೆಚ್ಚುತ್ತದೆ. ನಿಜವಾದ ಹಡಗಿನ ನಕ್ಷೆಯನ್ನು ಕುಗ್ಗಿಸಿ ಕಟ್ಟುವವರು, ಮಾದರಿ ತುಸು ಹೆಚ್ಚು ಹೊಯ್ದಾಡುವುದನ್ನು ಕಂಡು, ಕದ್ದುಮುಚ್ಚಿ ಅಗಲವನ್ನು ಒಂದೆರಡು ಸೆಂಟಿಮೀಟರ್ ಹಿಗ್ಗಿಸಿಕೊಳ್ಳುವುದುಂಟು.

ವೇಗದ ವಿಚಾರಕ್ಕೆ ಬಂದರೆ, ನೀರನ್ನು ಸೀಳಿಕೊಂಡು ಸಾಗುವ ಒಡಲಿಗೆ ಅದರ ಉದ್ದವೇ ಒಂದು ಮಿತಿಯನ್ನು ಹಾಕುತ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ, ಅದು ಮುಂದಿನ ಮತ್ತು ಹಿಂದಿನ ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಂಡಂತಾಗಿ, ಅಲ್ಲಿಂದಾಚೆ ಎಷ್ಟೇ ಶಕ್ತಿ ಸುರಿದರೂ ಅಲೆ ದೊಡ್ಡದಾಗುತ್ತದೆಯೇ ಹೊರತು ವೇಗ ಅಷ್ಟಾಗಿ ಹೆಚ್ಚುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಇಂಜಿನಿಯರು ಹಡಗುಗಳ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ನೋಡಿ ಉದ್ದಕ್ಕೂ ವೇಗಕ್ಕೂ ಇರುವ ಈ ಸಂಬಂಧವನ್ನು ಗಟ್ಟಿಮಾಡಿದರು. ಅಲೆಯ ವೇಗ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಮೀಟರಿನಲ್ಲಿ ಅಳೆದ ಜಲರೇಖೆಯ ಉದ್ದದ ವರ್ಗಮೂಲವನ್ನು 1.25ರಿಂದ ಗುಣಿಸಿದರೆ ಆ ಮಿತಿ ಸೆಕೆಂಡಿಗೆ ಎಷ್ಟು ಮೀಟರ್ ಎಂದು ಸಿಗುತ್ತದೆ. ನಮ್ಮ 75 ಸೆಂ.ಮೀ. ಒಡಲಿಗೆ ಅದು 1.08 ಮೀಟರ್, ಅಂದರೆ ಗಂಟೆಗೆ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ದಡದ ಮೇಲೆ ನಡೆಯುತ್ತಾ ನೀವು ಅದರ ಜೊತೆಗೇ ಸಾಗಬಹುದು. ಇದು ಕಡಿಮೆಯೆಂದು ನಿರಾಶರಾಗಬೇಡಿ. ನಿಜವಾದ ಹಡಗಿನ 25ನೇ ಒಂದು ಅಳತೆಯ ಮಾದರಿ ಹಡಗಿನ ಐದನೇ ಒಂದು ವೇಗದಲ್ಲಿ ಸಾಗಿದಾಗಲೇ ಅದರ ಅಲೆಗಳು ನಿಜವಾದವುಗಳಂತೆ ಕಾಣುತ್ತವೆ.

ಇನ್ನು ನಿಮ್ಮ ಮೋಟರ್ ಏಕೆ ಬೆಂದಿತು ಎಂಬುದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ದೋಣಿ ಕಟ್ಟುವವರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಪ್ರೊಪೆಲರ್ ಬೇಡುವ ಶಕ್ತಿ ಎರಡು ವಿಷಯಗಳನ್ನು ಅವಲಂಬಿಸಿದೆ: ಅದು ತಿರುಗುವ ವೇಗದ ಘನ, ಮತ್ತು ಅದರ ವ್ಯಾಸದ ಐದನೆಯ ಘಾತ. ಐದನೆಯ ಘಾತ ಎಂಬುದು ಕಿವಿಗೆ ಬರೀ ಗಣಿತದ ಮಾತಿನಂತೆ ಕೇಳಿದರೂ ಅದರ ಪರಿಣಾಮ ಬಹಳ ಕಟುವಾದದ್ದು. 40 ಮಿ.ಮೀ. ಪ್ರೊಪೆಲರನ್ನು ತೆಗೆದು 45 ಮಿ.ಮೀ. ಹಾಕಿ ಅಷ್ಟೇ ವೇಗದಲ್ಲಿ ತಿರುಗಿಸಬೇಕೆಂದರೆ 1.8 ಪಟ್ಟು ಶಕ್ತಿ ಬೇಕು, 55 ಮಿ.ಮೀ. ಹಾಕಿದರೆ ಹತ್ತಿರಹತ್ತಿರ ಐದು ಪಟ್ಟು. ಡ್ರಿಲ್ ಯಂತ್ರದ ಮೋಟರು 12 ವೋಲ್ಟಿನಲ್ಲಿ ಭಾರವಿಲ್ಲದೆ ನಿಮಿಷಕ್ಕೆ 15,000 ಸುತ್ತಿನ ಆಸುಪಾಸಿನಲ್ಲಿ ತಿರುಗುವಂಥದ್ದು. ಡ್ರಿಲ್ಲಿನೊಳಗೆ ಅದರ ಮುಂದೆ ಗಿಯರುಗಳಿದ್ದವು. ನೀವು ಮೋಟರನ್ನು ಬಿಚ್ಚಿಕೊಂಡಿರಿ, ಗಿಯರುಗಳನ್ನು ಅಲ್ಲಿಯೇ ಬಿಟ್ಟಿರಿ. ಆ ಮೋಟರಿಗೆ 55 ಮಿ.ಮೀ. ಪ್ರೊಪೆಲರನ್ನು ನೇರವಾಗಿ ಜೋಡಿಸಿದಾಗ ನೀರು ಅದನ್ನು ತಿರುಗಲು ಬಿಡಲಿಲ್ಲ. ತಿರುಗಲಾಗದ ಮೋಟರು ಬ್ಯಾಟರಿಯಿಂದ ಕರೆಂಟನ್ನು ಎಳೆಯುತ್ತಲೇ ಹೋಯಿತು. ತಂತಿಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುವುದರಿಂದ ಐದು ನಿಮಿಷ ಧಾರಾಳವಾಯಿತು. ಇದಕ್ಕಿಂತ ದೊಡ್ಡ ಮೋಟರ್ ಹಾಕಿದ್ದರೆ ಅದು ಇನ್ನಷ್ಟು ಕರೆಂಟನ್ನು ಎಳೆದು ಬ್ಯಾಟರಿಯನ್ನು ಬೇಗನೆ ಖಾಲಿಮಾಡುತ್ತಿತ್ತು, ದೋಣಿಯ ವೇಗ ಮಾತ್ರ ಅಲೆಯ ಮಿತಿಯಲ್ಲಿಯೇ ನಿಲ್ಲುತ್ತಿತ್ತು.

ಹಾಗಾದರೆ ಪ್ರೊಪೆಲರ್ ಎಷ್ಟು ವೇಗವಾಗಿ ತಿರುಗಬೇಕು? ಪ್ರೊಪೆಲರಿನ ಪಿಚ್ ಎಂದರೆ, ಅದು ಮರದೊಳಗೆ ಇಳಿಯುವ ತಿರುಪಿನಂತೆ ಜಾರದೆ ಸಾಗಿದರೆ ಒಂದು ಸುತ್ತಿಗೆ ಮುಂದೆ ಹೋಗುವ ದೂರ. ನೀರಿನಲ್ಲಿ ಅದು ಜಾರುತ್ತದೆ. ಟಗ್ಗಿನಂಥ ಭಾರದ ದೋಣಿಯಲ್ಲಿ ಶೇ. 40ರಷ್ಟು ಜಾರುತ್ತದೆಂದು ಇಟ್ಟುಕೊಳ್ಳಿ. ದೋಣಿ ಸೆಕೆಂಡಿಗೆ 1.08 ಮೀಟರ್ ಸಾಗಬೇಕಾದರೆ ಪ್ರೊಪೆಲರ್ ಲೆಕ್ಕದ ಪ್ರಕಾರ 1.8 ಮೀಟರ್ ಸಾಗುವಂತೆ ತಿರುಗಬೇಕು. ಪಿಚ್ 45 ಮಿ.ಮೀ. ಇದ್ದರೆ ಅದು ಸೆಕೆಂಡಿಗೆ 40 ಸುತ್ತು, ನಿಮಿಷಕ್ಕೆ 2,400 ಸುತ್ತು. ಹದಿನೈದು ಸಾವಿರವೆಲ್ಲಿ, ಎರಡು ಸಾವಿರದ ನಾನೂರೆಲ್ಲಿ! ಆದ್ದರಿಂದ ನಿಮಗೆ ಬೇಕಾಗಿರುವುದು ಬೇರೆ ಮೋಟರಲ್ಲ, ವೇಗವನ್ನು ಇಳಿಸುವ ಒಂದು ವ್ಯವಸ್ಥೆ. ಹಲ್ಲಿರುವ ಬೆಲ್ಟು ಮತ್ತು ಎರಡು ಪುಲ್ಲಿಗಳಿಂದ, ಮೋಟರ್ ನಾಲ್ಕು ಸುತ್ತು ಸುತ್ತಿದರೆ ಪ್ರೊಪೆಲರ್ ಒಂದು ಸುತ್ತು ಸುತ್ತುವಂತೆ ಮಾಡಿ. ವೇಗ ನಾಲ್ಕನೇ ಒಂದಾದರೆ ಪ್ರೊಪೆಲರಿನ ಬೇಡಿಕೆ ಅರವತ್ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ 55 ಮಿ.ಮೀ. ಪ್ರೊಪೆಲರು ಆಗ ಮೋಟರಿಗೆ ಹೊರೆಯಾಗುವುದಿಲ್ಲ. ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲರು, ರಭಸದಿಂದ ತಿರುಗುವ ಚಿಕ್ಕದಕ್ಕಿಂತ ಟಗ್ ದೋಣಿಗೆ ಯಾವಾಗಲೂ ಹೆಚ್ಚು ಹೊಂದುತ್ತದೆ. ಈ ಗಾತ್ರದ ದೋಣಿಗೆ ನಷ್ಟಗಳೆಲ್ಲ ಸೇರಿ ಇಪ್ಪತ್ತು ಮೂವತ್ತು ವ್ಯಾಟ್ ಸಾಕಾಗುತ್ತದೆ. ಎಂದರೆ 12 ವೋಲ್ಟಿನಲ್ಲಿ ಎರಡು, ಎರಡೂವರೆ ಆಂಪಿಯರ್. ಸೀಸದ ಬ್ಯಾಟರಿಯ ಮೇಲೆ ಬರೆದಿರುವ 7 ಆಂಪಿಯರ್-ಗಂಟೆಯ ಅಂಕಿ, ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಬಳಸಿದಾಗ ಸಿಗುವಂಥದ್ದು. ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ. ಆದರೂ ಎರಡು ಗಂಟೆಯ ಓಡಾಟಕ್ಕೆ ಕೊರತೆಯಾಗಲಾರದು. ಪುಲ್ಲಿಗಳನ್ನು ಹೊಂದಿಸುವ ಗೊಡವೆ ಬೇಡವೆನಿಸಿದರೆ, 12 ವೋಲ್ಟಿನಲ್ಲಿ ಭಾರವಿಲ್ಲದೆ ನಿಮಿಷಕ್ಕೆ 3,000ದಿಂದ 4,000 ಸುತ್ತು ತಿರುಗುವ ನಿಧಾನದ ಮೋಟರನ್ನು ನೇರವಾಗಿ ಜೋಡಿಸಬಹುದು.

ಬ್ರಷ್‌ಲೆಸ್ ಮೋಟರುಗಳ, ಅಂದರೆ ಒಳಗೆ ಕರೆಂಟು ದಾಟಿಸುವ ಬ್ರಷ್ಷುಗಳಿಲ್ಲದ ಮೋಟರುಗಳ, ವಿಷಯವನ್ನು ನೀವು ಕೇಳಿಲ್ಲವಾದರೂ ಮುಂದೆ ಎದುರಾಗುತ್ತದೆ. ಅವುಗಳ ಮೇಲೆ ಬರೆದಿರುವ ಕೆ.ವಿ. ಎಂಬ ಅಂಕಿ ಕಿಲೋವೋಲ್ಟ್ ಅಲ್ಲ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಟಗ್ಗಿಗೆ ಬೇಕಾದದ್ದು ತೀರ ಕಡಿಮೆ ಕೆ.ವಿ. ಇರುವ ಮೋಟರು, ಅಂಗಡಿಯಲ್ಲಿ ಥಟ್ಟನೆ ಕಣ್ಣಿಗೆ ಬೀಳುವವು ಹೆಚ್ಚಾಗಿ ಅದಕ್ಕೆ ವಿರುದ್ಧವಾದವು.

ಒಡಲನ್ನು ಕಟ್ಟುವ ಬಗೆಗಳು ಹಲವಾರಿವೆ. ಮೊದಲ ಸಲಕ್ಕೆ ಒಡಲಿನ ಪಕ್ಕವೂ ತಳವೂ ಒಂದು ಕೋನದಲ್ಲಿ ಕೂಡುವ ಆಕಾರವೇ ಸುಲಭ, ಏಕೆಂದರೆ ಅದನ್ನು ಹಾಳೆಗಳಿಂದಲೇ ಮುಚ್ಚಬಹುದು. ದುಂಡುಮೈಗೆ ಒಂದೊಂದೇ ಪಟ್ಟಿಯನ್ನು ಬಾಗಿಸಿ ಅಂಟಿಸಬೇಕು. ದೋಣಿಯ ಬೆನ್ನೆಲುಬಾದ ಕೀಲನ್ನೂ, ಎಂಟು ಹತ್ತು ಸೆಂಟಿಮೀಟರಿಗೊಂದರಂತೆ ನಿಲ್ಲಿಸುವ ಅಡ್ಡ ಚೌಕಟ್ಟುಗಳನ್ನೂ 3 ಮಿ.ಮೀ. ಪ್ಲೈವುಡ್ಡಿನಿಂದ ಕತ್ತರಿಸಿ, ಸಮತಟ್ಟಾದ ಹಲಗೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಎಲ್ಲ ಚೌಕಟ್ಟುಗಳನ್ನೂ ಒಂದೇ ಆಧಾರರೇಖೆಯಿಂದ ಅಳೆದಿರಬೇಕು; ಇಲ್ಲಿ ಎರಡು ಮಿಲಿಮೀಟರ್ ತಪ್ಪಿದರೆ ಒಡಲು ತಿರುಚಿಕೊಳ್ಳುತ್ತದೆ, ತಿರುಚಿದ ದೋಣಿ ಜೀವಮಾನವಿಡೀ ಒಂದೇ ಕಡೆಗೆ ಎಳೆಯುತ್ತದೆ. ಮೂಲೆಗಳುದ್ದಕ್ಕೂ ತೆಳುವಾದ ಮರದ ಪಟ್ಟಿಗಳನ್ನು ಚೌಕಟ್ಟುಗಳ ಕಚ್ಚುಗಳಲ್ಲಿ ಕೂರಿಸಿದ ಮೇಲೆ, ಉದ್ದನೆಯ ಮರದ ಪಟ್ಟಿಗೆ ಉಪ್ಪುಕಾಗದ ಅಂಟಿಸಿ, ಒಂದೇ ಸಲಕ್ಕೆ ಮೂರು ನಾಲ್ಕು ಚೌಕಟ್ಟುಗಳ ಮೇಲೆ ಹಾಯುವಂತೆ ಉಜ್ಜಿ. ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಎಂಬುದನ್ನು ಆ ಪಟ್ಟಿಯೇ ತೋರಿಸಿಕೊಡುತ್ತದೆ. ಬಳಿಕ 1.5 ಮಿ.ಮೀ. ಪ್ಲೈವುಡ್ಡಿನ ಹೊದಿಕೆ. ನಿಮ್ಮ ಮೊದಲ ದೋಣಿಗೆ ಇಡೀ ಮೈಗೆ 3 ಮಿ.ಮೀ. ಹಾಳೆ ಹೊದಿಸಿದ್ದರೆ ಅದೂ ಅನವಶ್ಯಕ ಭಾರವೇ ಆಗಿತ್ತು. ಒಡಲಿಗೆ ಬಲ ಬರುವುದು ಆಕಾರದಿಂದ ಮತ್ತು ಚೌಕಟ್ಟುಗಳಿಂದ.

ಬಡಗಿಗಳು ಬಳಸುವ ಸಾಮಾನ್ಯ ಬಿಳಿ ಅಂಟು ನೀರಿನಲ್ಲಿ ನೆನೆದು ಬಿಟ್ಟುಕೊಳ್ಳುತ್ತದೆ. ನೀರು ತಡೆಯುವ ಅಂಟನ್ನೋ ಎಪಾಕ್ಸಿಯನ್ನೋ ಬಳಸಿ. ಹೊರಮೈಗೆ ಚದರ ಮೀಟರಿಗೆ 50ರಿಂದ 80 ಗ್ರಾಂ ತೂಗುವ ತೆಳುವಾದ ಗಾಜಿನ ಎಳೆಯ ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಹೊದಿಸಿದರೆ ಕಲ್ಲು ತಾಗಿದರೂ ಮರ ಬಾಯಿಬಿಡುವುದಿಲ್ಲ. ಹೆಚ್ಚಿನವರು ಮರೆಯುವುದು ಒಳಮೈಯನ್ನು. ಒಳಗೆ ಬರಿಯ ಮರವನ್ನು ಬಿಟ್ಟರೆ, ಒಂದು ಚಮಚ ನೀರು ಒಳಬಂದರೂ ಅದನ್ನು ಪ್ಲೈವುಡ್ ಹೀರಿಕೊಂಡು ಉಬ್ಬುತ್ತದೆ, ಪದರಗಳು ಕಳಚುತ್ತವೆ. ಆದ್ದರಿಂದ ಮೇಲ್ಹಲಗೆ ಹಾಕುವ ಮುನ್ನವೇ ಒಳಗೂ ಎಪಾಕ್ಸಿ ಬಳಿಯಿರಿ. ಅಗ್ಗದ ಪಾಲಿಯೆಸ್ಟರ್ ರಾಳ ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಮೇಲಾಗಿ ಅದು ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು, ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಬೇಗ ಒಣಗುತ್ತದೆಂಬುದು ತಪ್ಪು ತಿಳಿವಳಿಕೆ. ಬೆರೆಸಿದ್ದನ್ನು ಬಟ್ಟಲಲ್ಲಿ ಗುಡ್ಡೆಯಾಗಿ ಬಿಟ್ಟರೆ ಅದು ತಾನಾಗಿಯೇ ಕಾದು ಹೊಗೆಯಾಡುವುದೂ ಉಂಟು. ಕೈಗವಸು ಹಾಕದೆ ಮುಟ್ಟಬೇಡಿ, ಉಜ್ಜುವಾಗ ದೂಳು ಮೂಗಿಗೆ ಹೋಗದಂತೆ ಮುಖಗವಸು ಧರಿಸಿ.

ಈಗ ನೀರು ಒಳಬರುವ ಪ್ರಶ್ನೆ. ಶಾಫ್ಟಿನ ಕೊಳವೆಯಿಂದ ಬರುವ ನೀರಿಗೆ ಜನ ರಬ್ಬರಿನ ಸೀಲು, ಗಟ್ಟಿ ಗ್ರೀಸು, ಹತ್ತಿಯ ಹುರಿ ಎಂದೆಲ್ಲ ಮದ್ದು ಹುಡುಕುತ್ತಾರೆ. ಇವೆಲ್ಲಕ್ಕಿಂತ ಸರಳವಾದ ಉಪಾಯವೆಂದರೆ ಕೊಳವೆಯ ಒಳತುದಿಯನ್ನು ಜಲರೇಖೆಗಿಂತ ಮೇಲಿಡುವುದು. ನೀರು ತನ್ನ ಮಟ್ಟಕ್ಕಿಂತ ಮೇಲೇರುವುದಿಲ್ಲ. ಒಳತುದಿ ಅದಕ್ಕಿಂತ ಎತ್ತರದಲ್ಲಿದ್ದರೆ, ನಿಂತ ದೋಣಿಯೊಳಗೆ ಸೀಲೇ ಇಲ್ಲದಿದ್ದರೂ ನೀರು ಹರಿದುಬರಲಾರದು. ನಮ್ಮ ಉದಾಹರಣೆಯಲ್ಲಿ 55 ಮಿ.ಮೀ. ಪ್ರೊಪೆಲರಿನ ಅಕ್ಷ ಜಲರೇಖೆಗಿಂತ ಸುಮಾರು 38 ಮಿ.ಮೀ. ಕೆಳಗಿರುತ್ತದೆ. 30 ಸೆಂ.ಮೀ. ಉದ್ದದ ಕೊಳವೆಯನ್ನು ಒಂಬತ್ತು ಡಿಗ್ರಿ ಓರೆಯಾಗಿ ಕೂರಿಸಿದರೆ ಅದರ ಒಳತುದಿ 47 ಮಿ.ಮೀ. ಮೇಲೇರಿ, ಜಲರೇಖೆಗಿಂತ 9 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ನಿಮ್ಮ ದೋಣಿಯಲ್ಲಿ ಹಿಂಭಾಗವೇ ಮುಳುಗಿದ್ದರಿಂದ ಒಳತುದಿಯೂ ನೀರಿನ ಮಟ್ಟಕ್ಕಿಂತ ಕೆಳಗಿಳಿದಿರುತ್ತದೆ. ಅಂದರೆ ಸೋರಿಕೆಯ ಮೂಲವೂ ತೂಕವೇ. ಶಾಫ್ಟು ತಿರುಗುವಾಗ ಸ್ವಲ್ಪ ನೀರನ್ನು ಎಳೆದುಕೊಳ್ಳಬಹುದಾದ್ದರಿಂದ ಕೊಳವೆಯೊಳಗೆ ನೀರಿಗೆ ಕರಗದ ಗ್ರೀಸು ಇರಲಿ, ಆದರೆ ತೆಳುವಾದದ್ದಿರಲಿ. ಗಟ್ಟಿ ಗ್ರೀಸನ್ನು ಕಲಕುವುದಕ್ಕೇ ಚಿಕ್ಕ ಮೋಟರಿನ ಶಕ್ತಿಯ ಒಂದು ಪಾಲು ವ್ಯರ್ಥವಾಗುತ್ತದೆ. ಚುಕ್ಕಾಣಿಯ ದಂಡ ಹಾದುಬರುವ ಕೊಳವೆಗೂ ಇದೇ ನಿಯಮ.

ಶಾಫ್ಟನ್ನು ಜೋಡಿಸುವಾಗ ಇನ್ನೆರಡು ಎಚ್ಚರಿಕೆಗಳು. ಮೋಟರನ್ನೂ ಶಾಫ್ಟನ್ನೂ ಕೂಡಿಸುವ ಕಪ್ಲಿಂಗು ಬಾಗಬಲ್ಲದೆಂಬ ಧೈರ್ಯದಿಂದ ಅವೆರಡನ್ನೂ ಸೊಟ್ಟಗೆ ಕೂರಿಸಿದರೆ ಸದ್ದು, ಕಂಪನ, ಸವಕಳಿ ಎಲ್ಲವೂ ಬರುತ್ತವೆ. ಕೂರಿಸುವ ಹೊತ್ತಿಗೆ ಬಾಗುವ ಕಪ್ಲಿಂಗಿನ ಜಾಗದಲ್ಲಿ ಗಟ್ಟಿಯಾದ ಲೋಹದ ಕೊಳವೆಯೊಂದನ್ನು ತಾತ್ಕಾಲಿಕವಾಗಿ ತೊಡಿಸಿ, ಎರಡೂ ಒಂದೇ ಗೆರೆಯಲ್ಲಿ ನಿಂತ ಮೇಲೆ ಅಂಟು ಹಾಕಿ, ಅದು ಒಣಗಿದ ಬಳಿಕ ನಿಜವಾದ ಕಪ್ಲಿಂಗನ್ನು ತೊಡಿಸಿ. ಬೆಲ್ಟು ಬಳಸುವುದಾದರೆ ದೊಡ್ಡ ಪುಲ್ಲಿಗೆ ಎರಡು ಬೇರಿಂಗುಗಳ ನಡುವೆ ತನ್ನದೇ ಆದ ತುಂಡು ದಂಡವಿರಲಿ. ಬೆಲ್ಟಿನ ಎಳೆತ ಕೊಳವೆಯಲ್ಲಿ ಶಾಫ್ಟನ್ನು ಹಿಡಿಯುವ ಬುಷ್ಷಿನ ಮೇಲೆ ಬೀಳಬಾರದು. ಎರಡನೆಯದಾಗಿ, ಪ್ರೊಪೆಲರಿನ ಹಿಂದೆ ಬಿಗಿನಟ್ಟು ಇರಲೇಬೇಕು. ಹಿಂದಕ್ಕೆ ಚಲಿಸುವಾಗ ಪ್ರೊಪೆಲರ್ ತನ್ನ ತಿರುಪಿನ ಎಳೆಗಳಿಂದ ತಾನೇ ಬಿಚ್ಚಿಕೊಳ್ಳಲು ನೋಡುತ್ತದೆ. ನನ್ನ ಎರಡನೆಯ ದೋಣಿಯ ಹಿತ್ತಾಳೆಯ ಪ್ರೊಪೆಲರೊಂದು ಈ ಕಾರಣಕ್ಕಾಗಿಯೇ ನೀರಿನ ತಳ ಸೇರಿ, ನಾನು ಗಾಳಿ ತಾನಾಗಿ ದೋಣಿಯನ್ನು ದಡಕ್ಕೆ ತರುವವರೆಗೆ ಒಂದೂವರೆ ಗಂಟೆ ಕಾದಿದ್ದೆ.

ರೇಡಿಯೋ ಕೈಕೊಟ್ಟದ್ದಕ್ಕೆ ಎರಡು ಕಾರಣಗಳಿರಬಹುದು, ಎರಡೂ ಒಟ್ಟಿಗೆ ಇದ್ದಿರಲೂಬಹುದು. ಈಗಿನ ಟ್ರಾನ್ಸ್‌ಮಿಟರುಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಬಹುಬೇಗ ಹೀರಿಬಿಡುತ್ತದೆ. ಒಡಲಿನ ತಳದಲ್ಲಿ, ಜಲರೇಖೆಗಿಂತ ಕೆಳಗೆ, ಬ್ಯಾಟರಿಯ ಮರೆಯಲ್ಲಿ ರಿಸೀವರನ್ನು ಇಟ್ಟರೆ ದೂರ ಹೋದಂತೆ ಸಂಕೇತ ಕ್ಷೀಣಿಸುತ್ತದೆ. ರಿಸೀವರನ್ನು ಮೇಲ್ಹಲಗೆಯ ಅಡಿಗೇ ಅಂಟಿಸಿ, ಅದರ ಆಂಟೆನಾದ ತುದಿಯ ಮೂರು ಸೆಂಟಿಮೀಟರನ್ನು ನೇರವಾಗಿ, ಲೋಹದಿಂದ ದೂರವಾಗಿ, ಆದಷ್ಟು ಎತ್ತರದಲ್ಲಿ ನಿಲ್ಲಿಸಿ. ಟಗ್ಗಿನ ಮೇಲಿನ ಕೋಣೆ ಅದಕ್ಕೆ ಹೇಳಿಮಾಡಿಸಿದ ಜಾಗ. ಎರಡನೆಯ ಕಾರಣ, ಉಸಿರುಕಟ್ಟಿದ ಮೋಟರು ಅತಿಯಾಗಿ ಕರೆಂಟು ಎಳೆದಾಗ ಬ್ಯಾಟರಿಯ ವೋಲ್ಟೇಜು ಕುಸಿದು, ರಿಸೀವರಿಗೆ ಬೇಕಾದ 5 ವೋಲ್ಟು ಸಿಗದೆ ಅದು ಆರಿಹೋಗಿದ್ದಿರಬಹುದು. ಬ್ರಷ್ಷಿರುವ ಮೋಟರಿನ ಕಿಡಿಗಳೂ ರೇಡಿಯೋಗೆ ತೊಂದರೆ ಕೊಡುತ್ತವೆ, 0.1 ಮೈಕ್ರೋಫ್ಯಾರಡಿನ ಮೂರು ಕೆಪಾಸಿಟರುಗಳಲ್ಲಿ ಒಂದನ್ನು ಮೋಟರಿನ ಎರಡು ತುದಿಗಳ ನಡುವೆ, ಉಳಿದೆರಡನ್ನು ಒಂದೊಂದು ತುದಿಯಿಂದ ಮೋಟರಿನ ಲೋಹದ ಮೈಗೆ ಬೆಸುಗೆ ಹಾಕಿ.

ವೇಗನಿಯಂತ್ರಕವನ್ನು ಆರಿಸುವಾಗ ಅದು ಹಿಂದಕ್ಕೂ ಓಡಿಸಬಲ್ಲದೇ ಎಂದು ಮೊದಲು ನೋಡಿ. ವಿಮಾನಗಳಿಗೆಂದು ಮಾಡಿದವು ಸಾಮಾನ್ಯವಾಗಿ ಮುಂದಕ್ಕಷ್ಟೇ ಓಡಿಸುತ್ತವೆ, ದೋಣಿಗೆ ಬ್ರೇಕಿಲ್ಲ. ಅದರ ಸಾಮರ್ಥ್ಯ ನೀವು ಅಳೆದ ಅತಿ ಹೆಚ್ಚಿನ ಕರೆಂಟಿನ ಎರಡು ಪಟ್ಟಾದರೂ ಇರಲಿ. ಅಳೆಯುವುದು ಹೇಗೆಂದರೆ, ದೋಣಿಯನ್ನು ತೊಟ್ಟಿಯಲ್ಲಿ ಹಗ್ಗದಿಂದ ಕಟ್ಟಿ, ಪೂರ್ತಿ ವೇಗ ಕೊಟ್ಟು, ಬ್ಯಾಟರಿಯ ತಂತಿಯ ನಡುವೆ ಮೀಟರಿಟ್ಟು ಓದಬೇಕು. ತೆರೆದ ನೀರಿನಲ್ಲಿ ಓಡುವಾಗ ಕರೆಂಟು ಅದಕ್ಕಿಂತ ಕಡಿಮೆಯೇ ಇರುತ್ತದೆ. ಗಾಳಿಯಲ್ಲಿ ತಿರುಗಿಸಿ ನೋಡಿದ ಅಂಕಿಗೆ ಯಾವ ಬೆಲೆಯೂ ಇಲ್ಲ. ಪ್ರೊಪೆಲರಿಗೆ ಜೊಂಡು ಸುತ್ತಿಕೊಂಡರೆ ಮೋಟರು ನಿಂತೇಬಿಡುತ್ತದೆ, ಆಗ ಕರೆಂಟು ಹಲವು ಪಟ್ಟು ಏರುತ್ತದೆ. ಆದ್ದರಿಂದ ಬ್ಯಾಟರಿಯ ಧನ ತುದಿಯ ಪಕ್ಕದಲ್ಲಿಯೇ, ತೊಟ್ಟಿಯಲ್ಲಿ ಅಳೆದ ಕರೆಂಟಿಗಿಂತ ಸ್ವಲ್ಪವೇ ಹೆಚ್ಚಿನ ಫ್ಯೂಸು ಇರಲಿ. ಸಂಕೇತ ತಪ್ಪಿದಾಗ ಮೋಟರು ನಿಲ್ಲುವಂತೆ ರಿಸೀವರಿನ ಫೇಲ್‌ಸೇಫನ್ನು ಹೊಂದಿಸಿ, ಮನೆಯಲ್ಲಿಯೇ ಟ್ರಾನ್ಸ್‌ಮಿಟರನ್ನು ಬಂದ್ ಮಾಡಿ ಅದನ್ನು ಪರೀಕ್ಷಿಸಿ. ಶುರುಮಾಡುವಾಗ ಮೊದಲು ಟ್ರಾನ್ಸ್‌ಮಿಟರು, ಆಮೇಲೆ ದೋಣಿ. ಮುಗಿಸುವಾಗ ಮೊದಲು ದೋಣಿ, ಆಮೇಲೆ ಟ್ರಾನ್ಸ್‌ಮಿಟರು.

ಅಂದಹಾಗೆ, ರೇಡಿಯೋದಿಂದ ನಡೆಸಿದ ಯಂತ್ರಗಳ ಚರಿತ್ರೆ ಆರಂಭವಾಗುವುದೇ ಬ್ಯಾಟರಿಯ ದೋಣಿಯಿಂದ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಂಥದ್ದೊಂದನ್ನು ಜನರ ಮುಂದೆ ಓಡಿಸಿ ತೋರಿಸಿದ; ಅದಕ್ಕೆ ಸಿಕ್ಕ 6,13,809ನೇ ಸಂಖ್ಯೆಯ ಅಮೆರಿಕದ ಪೇಟೆಂಟಿನ ದಿನಾಂಕ ಆ ವರ್ಷದ ನವೆಂಬರ್ 8. ತಳದಲ್ಲಿ ಬ್ಯಾಟರಿ, ಪ್ರೊಪೆಲರಿಗೊಂದು ಮೋಟರು, ಚುಕ್ಕಾಣಿಗೊಂದು ಮೋಟರು, ಮೇಲೆ ಎತ್ತಿ ನಿಲ್ಲಿಸಿದ ಆಂಟೆನಾ: ನೀವು ಕಟ್ಟಲಿರುವ ದೋಣಿಯ ವ್ಯವಸ್ಥೆಯೂ ಅದೇ.

ಚುಕ್ಕಾಣಿ ಪ್ರೊಪೆಲರಿನ ನೇರ ಹಿಂದೆ, ಅದು ಹಿಂದಕ್ಕೆ ತಳ್ಳುವ ನೀರಿನ ಧಾರೆಯಲ್ಲಿಯೇ ಇರಬೇಕು. ನಿಜವಾದ ಹಡಗಿನ ಅಳತೆಗಿಂತ ಮಾದರಿಯ ಚುಕ್ಕಾಣಿ ದೊಡ್ಡದಿರುವುದು ಒಳ್ಳೆಯದು. ತಿರುಗುವ ದಂಡದ ಮುಂದೆ ಅದರ ವಿಸ್ತೀರ್ಣದ ಐದನೇ ಒಂದು ಭಾಗವಿದ್ದರೆ ಸರ್ವೊಗೆ ಶ್ರಮ ಕಡಿಮೆ. ಎರಡೂ ಕಡೆಗೆ 35 ಡಿಗ್ರಿ ತಿರುಗಿದರೆ ಸಾಕು. ಅದಕ್ಕಿಂತ ಬಹಳ ಹೆಚ್ಚು ತಿರುಗಿಸಿದರೆ ನೀರು ಚುಕ್ಕಾಣಿಯ ಮೈಯಿಂದ ಬಿಟ್ಟುಹೋಗಿ ಅದು ಬರೀ ತಡೆಯಾಗುತ್ತದೆ.

ಮೇಲ್ಹಲಗೆಯನ್ನು ಅಂಟಿಸುವ ಮುನ್ನ ಒಂದು ದಿನವನ್ನು ತೊಟ್ಟಿಗಾಗಿ ಮೀಸಲಿಡಿ ಎಂದು ಒತ್ತಿಹೇಳುತ್ತೇನೆ. ತೆರೆದ ಒಡಲಿನೊಳಗೆ ಬ್ಯಾಟರಿ, ಮೋಟರು, ಸರ್ವೊ ಎಲ್ಲವನ್ನೂ ಅವುಗಳ ಜಾಗದಲ್ಲಿ ಸುಮ್ಮನೆ ಇಟ್ಟು, ಮೇಲ್ಹಲಗೆ ಮತ್ತು ಕೋಣೆಗಳ ತೂಕಕ್ಕೆ ಸಮನಾದ ಭಾರವನ್ನು ಅವು ಬರುವ ಎತ್ತರದಲ್ಲಿಯೇ ಅಡ್ಡಹಲಗೆಯ ಮೇಲಿಟ್ಟು ತೇಲಿಸಿ. ಬ್ಯಾಟರಿಯನ್ನು ಹಿಂದೆಮುಂದೆ ಸರಿಸುತ್ತಾ ದೋಣಿ ಸಮನಾಗಿ ನಿಂತ ಸ್ಥಳವನ್ನು ಗುರುತು ಹಾಕಿ, ಅಲ್ಲಿಯೇ ಬ್ಯಾಟರಿಯ ತಟ್ಟೆಯನ್ನು ಅಂಟಿಸಿ. ಒಂದು ಬದಿಯನ್ನು ಬೆರಳಿನಿಂದ ಒತ್ತಿ ಬಿಡಿ. ಥಟ್ಟನೆ ನೇರವಾದರೆ ಸರಿ, ಸೋಮಾರಿಯಂತೆ ನಿಧಾನವಾಗಿ ಎದ್ದರೆ ಭಾರ ಇನ್ನೂ ಕೆಳಗಿಳಿಯಬೇಕು. ಮುಚ್ಚಿದ ಮೇಲೆ ಈ ತಿದ್ದುಪಡಿಗಳು ಬಲು ಕಷ್ಟ. ಇದೇ ಹೊತ್ತಿನಲ್ಲಿ ಮುಂದೆ ಮತ್ತು ಹಿಂದೆ ಥರ್ಮೊಕೋಲ್ ತುಂಬಿಸಿ. ಮರ ತಾನೇ ತೇಲುವುದರಿಂದ ಬ್ಯಾಟರಿ, ಮೋಟರು ಮುಂತಾದ ಲೋಹದ ಭಾರವನ್ನು ಹೊರುವಷ್ಟು, ಅಂದರೆ ಕಿಲೋಗ್ರಾಮಿಗೆ ಒಂದು ಲೀಟರಿನಂತೆ, ಇದ್ದರೆ ದೋಣಿಗೆ ನೀರು ತುಂಬಿದರೂ ಅದು ತಳ ಸೇರುವುದಿಲ್ಲ.

ಮೇಲ್ಹಲಗೆಯ ಬಾಯಿಗೆ 10ರಿಂದ 15 ಮಿ.ಮೀ. ಎತ್ತರದ ಅಂಚುಕಟ್ಟಿ, ಕೋಣೆ ಅದರ ಮೇಲೆ ಟೋಪಿಯಂತೆ ಕೂರುವ ಹಾಗೆ ಮಾಡಿ. ಗಾಳಿಯಾಡದಂತೆ ಮುಚ್ಚುವ ಅಗತ್ಯವಿಲ್ಲ. ಹಾಗೆ ಮುಚ್ಚಿದರೆ ಒಳಗಿನ ಶಾಖಕ್ಕೆ ಹೊರದಾರಿ ಸಿಗದೆ ತೇವ ಹನಿಗಟ್ಟುತ್ತದೆ. ಬ್ಯಾಟರಿಯನ್ನು ಮಾತ್ರ ಹೊರತೆಗೆದೇ ಚಾರ್ಜು ಮಾಡಿ. ಸೀಸದ ಬ್ಯಾಟರಿ ಅತಿಯಾಗಿ ಚಾರ್ಜಾದರೆ ಜಲಜನಕವನ್ನು ಬಿಡುತ್ತದೆ, ಮುಚ್ಚಿದ ಒಡಲು ಅದು ಸೇರಿಕೊಳ್ಳಲು ಸರಿಯಾದ ಪೆಟ್ಟಿಗೆಯಾಗುತ್ತದೆ. ಮುಂದೊಂದು ದಿನ ವೇಗದ ದೋಣಿಗಾಗಿ ಲಿಥಿಯಂ ಪಾಲಿಮರ್ ಬ್ಯಾಟರಿ ತಂದರೆ, ಪ್ರತಿ ಕೋಶ 4.2 ವೋಲ್ಟಿಗಿಂತ ಮೇಲೇರದಂತೆ, 3 ವೋಲ್ಟಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು, ಉಬ್ಬಿದ ಅಥವಾ ನೀರಿನಲ್ಲಿ ನೆನೆದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಮೊದಲ ದಿನ ದಡದಿಂದ ಹತ್ತು ಮೀಟರಿನೊಳಗೆ, ಹತ್ತು ನಿಮಿಷ ಓಡಿಸಿ, ಹೊರತೆಗೆದು ಮೂರು ಸಂಗತಿಗಳನ್ನು ನೋಡಿ: ಮೋಟರಿನ ಮೈಯ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಡಲಾಗುತ್ತದೆಯೇ, ಫ್ಯೂಸು ಮತ್ತು ತಂತಿಗಳು ಬಿಸಿಯಾಗಿವೆಯೇ, ತಳದಲ್ಲಿ ನೀರಿದೆಯೇ. ದೋಣಿ ನಡುನೀರಿನಲ್ಲಿ ನಿಂತುಬಿಟ್ಟರೆ ಅದನ್ನು ತರಲೆಂದು ನೀರಿಗಿಳಿಯಬೇಡಿ. ಜೊಂಡು, ಕೆಸರು, ಆಳ ಯಾವುದೂ ದಡದಿಂದ ಕಾಣುವುದಿಲ್ಲ. ಮೀನು ಹಿಡಿಯುವ ಗಾಳದ ದಾರಕ್ಕೆ ಟೆನಿಸ್ ಚೆಂಡೊಂದನ್ನು ಕಟ್ಟಿ ಜೊತೆಗೆ ಒಯ್ಯಿರಿ. ದೋಣಿಯಿಂದಾಚೆಗೆ ಎಸೆದು, ದಾರವನ್ನು ಅದರ ಮೇಲೆ ಹಾಯಿಸಿ, ಮೆಲ್ಲನೆ ಎಳೆದುಕೊಂಡರೆ ಚೆಂಡು ದೋಣಿಗೆ ತಗುಲಿಕೊಂಡು ಅದನ್ನು ದಡಕ್ಕೆ ತರುತ್ತದೆ.

ಹಳೆಯ ದೋಣಿಯನ್ನು ಬಿಚ್ಚುವಾಗ ಮೋಟರಿನ ಬ್ರಷ್ಷುಗಳನ್ನು ಒಮ್ಮೆ ಪರೀಕ್ಷಿಸಿ. ಬಿಸಿಗೆ ಅವುಗಳ ಹಿಡಿಕೆ ಸಡಿಲವಾಗಿರದೆ, ಒಳಗಿನಿಂದ ಸುಟ್ಟ ವಾಸನೆಯೂ ಬರುತ್ತಿರದಿದ್ದರೆ, ಅದನ್ನೇ ಹೊಸ ದೋಣಿಗೆ ಕೂರಿಸಬಹುದು. ಬಿಚ್ಚುವ ಮುನ್ನ ಇಡೀ ದೋಣಿಯನ್ನು ಒಮ್ಮೆ ತಕ್ಕಡಿಯ ಮೇಲಿಟ್ಟು, ಅದು ತೋರಿಸುವ ಅಂಕಿಯನ್ನು ಹೊಸ ನಕ್ಷೆಯ ಮೂಲೆಯಲ್ಲಿ ಬರೆದುಕೊಳ್ಳಿ.